ಮೊಲೊಕಾಯ್ ದ್ವೀಪದ ಸಂತ ದಮಿಯಾನರು

ಜ್ವಾಲಾಮುಖಿ ಎಂಬ ಮಾತು ಕಿವಿಗೆ ಬಿದ್ದೊಡನೆ ಬೆಂಕಿಯನ್ನು ಕಾರುವ ಬೆಟ್ಟವೊಂದು ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಉಷ್ಣವಲಯದ ದ್ವೀಪ ಎಂದೊಡನೆ ತೆಂಗಿನ ತೋಪು, ಬಿಳಿಯ ಮರಳು, ನೀಲಿಯ ಕಡಲು ನೆನಪಿಗೆ ಬರುತ್ತವೆ. ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ ಇವೆರಡೂ ಉಂಟು. ಆದರೆ ಅದೇ ದ್ವೀಪಸಮೂಹಕ್ಕೆ ಸೇರಿದ ಮೊಲೊಕಾಯ್ ದ್ವೀಪದ ಉತ್ತರ ತೀರದಲ್ಲಿ ನಾಲಗೆಯಂತೆ ಕಡಲಿಗೆ ಚಾಚಿಕೊಂಡಿರುವ ಒಂದು ತುಂಡು ನೆಲವನ್ನು ಧರ್ಮಸಭೆಯು ಬೇರೊಂದು ಕಾರಣಕ್ಕಾಗಿ ನೆನೆಯುತ್ತದೆ. ಬೆಂಕಿಯಿಂದ ಹುಟ್ಟಿದ ಆ ನೆಲದ ಮೇಲೆ ಬೆಲ್ಜಿಯಂ ದೇಶದ ರೈತನ ಮಗನೊಬ್ಬನು ಹದಿನಾರು ವರ್ಷ ಕುಷ್ಠರೋಗಿಗಳ ನಡುವೆ ಬಾಳಿ, ಅವರಂತೆಯೇ ಆಗಿ, ಅವರ ನಡುವೆಯೇ ಮಣ್ಣಾದನು. ಶತಮಾನೋತ್ಸವದ ಈ ಸಂದರ್ಭದಲ್ಲಿ ಆ ಮಹನೀಯರ ಜೀವನವನ್ನು, ಅವರನ್ನು ಕಟ್ಟಿಹಾಕಿದ ಆ ವಿಚಿತ್ರ ನೆಲದ ಕಥೆಯೊಡನೆ, ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲು ಆ ನೆಲದ ವಿಚಾರ. ಹವಾಯಿ ದ್ವೀಪಗಳು ಯಾವ ಖಂಡಕ್ಕೂ ಸೇರಿದವಲ್ಲ. ಅತ್ಯಂತ ಸಮೀಪದ ಖಂಡದ ತೀರವೂ ಅಲ್ಲಿಂದ ಎರಡು ಸಾವಿರ ಮೈಲಿಗಳಿಗಿಂತ ದೂರ. ಕಡಲ ತಳದಲ್ಲಿ ಭೂಮಿಯ ಒಡಲಿನಿಂದ ಕರಗಿದ ಕಲ್ಲು ಒಂದೇ ಕಡೆ ಉಕ್ಕುತ್ತಿರುತ್ತದೆ; ಅದರ ಮೇಲಿರುವ ಭೂಮಿಯ ಚಿಪ್ಪು ಮಾತ್ರ ವರ್ಷಕ್ಕೆ ಕೆಲವು ಅಂಗುಲಗಳಷ್ಟು ವಾಯವ್ಯಕ್ಕೆ ಸರಿಯುತ್ತಿರುತ್ತದೆ. ಹೀಗೆ ಒಂದೇ ಒಲೆಯ ಮೇಲೆ ಒಂದಾದ ಮೇಲೊಂದು ದೋಸೆ ಹುಯ್ದಂತೆ ಒಂದಾದ ಮೇಲೊಂದು ದ್ವೀಪ ಎದ್ದುಬಂದಿತು. ವಾಯವ್ಯದ ದ್ವೀಪಗಳು ಹಳೆಯವು, ಆಗ್ನೇಯದವು ಹೊಸವು. ಅಚ್ಚರಿಯೆಂದರೆ, ವಿಜ್ಞಾನಿಗಳು ಇದನ್ನು ಅರಿಯುವ ಎಷ್ಟೋ ಮೊದಲೇ ಹವಾಯಿ ಜನರ ಪುರಾಣವು ಇದೇ ಕ್ರಮವನ್ನು ಹೇಳುತ್ತಿತ್ತು. ಬೆಂಕಿಯ ದೇವತೆಯಾದ ಪೆಲೆ ತನಗೊಂದು ನೆಲೆಯನ್ನು ಹುಡುಕುತ್ತಾ ವಾಯವ್ಯದಿಂದ ಹೊರಟು, ದ್ವೀಪದಿಂದ ದ್ವೀಪಕ್ಕೆ ಗುಂಡಿ ತೋಡುತ್ತಾ, ಕೊನೆಗೆ ಆಗ್ನೇಯದ ಕಿಲವೇಯ ಬೆಟ್ಟದಲ್ಲಿ ನೆಲೆಸಿದಳೆಂದು ಅವರ ಹಿರಿಯರು ಹೇಳುತ್ತಿದ್ದರು. ಆಕೆ ಮೊಲೊಕಾಯ್‌ನಲ್ಲಿ ತೋಡಿದ ಗುಂಡಿಯೇ ನಾವು ಹೇಳಲಿರುವ ಕಲವುಪಾಪ ಎಂಬ ಭೂಶಿರದ ನಡುವಣ ಕೌಹಾಕೊ ಕುಂಡವಂತೆ.

ಮೊಲೊಕಾಯ್ ಸುಮಾರು 38 ಮೈಲಿ ಉದ್ದ, 10 ಮೈಲಿ ಅಗಲದ ದ್ವೀಪ. ಎರಡು ದೊಡ್ಡ ಜ್ವಾಲಾಮುಖಿಗಳು ಒಂದಕ್ಕೊಂದು ಕೂಡಿ ಆದ ನೆಲ ಇದು. ಸುಮಾರು ಹದಿನೈದು ಲಕ್ಷ ವರ್ಷಗಳ ಹಿಂದೆ ಪೂರ್ವದ ಜ್ವಾಲಾಮುಖಿಯ ಉತ್ತರ ಭಾಗವು ಕಳಚಿ ಕಡಲಿಗೆ ಕುಸಿದುಬಿದ್ದಿತು. ಉಳಿದ ಭಾಗದ ಅಂಚೇ ಇಂದು ಕಡಲಿಗೆ ಮುಖಮಾಡಿ ನೆಟ್ಟಗೆ ನಿಂತಿರುವ ಕಲ್ಲುಗೋಡೆ. ಕೆಲವೆಡೆ ಮೂರು ಸಾವಿರ ಅಡಿಗೂ ಮಿಕ್ಕಿದ ಈ ಗೋಡೆಯು ಪ್ರಪಂಚದ ಅತ್ಯುನ್ನತ ಕಡಲ ಪ್ರಪಾತಗಳಲ್ಲಿ ಒಂದು. ಇದೆಲ್ಲ ಆಗಿ ಬಹುಕಾಲದ ಮೇಲೆ, ಎರಡು ಮೂರು ಲಕ್ಷ ವರ್ಷಗಳ ಹಿಂದೆ, ಆ ಗೋಡೆಯ ಬುಡದಲ್ಲಿ ಕಡಲೊಳಗಿನಿಂದ ಚಿಕ್ಕದೊಂದು ಜ್ವಾಲಾಮುಖಿ ಎದ್ದು ಕಲ್ಲನ್ನು ಹರಿಯಿಸಿ ಒಂದು ಚಪ್ಪಟೆಯಾದ ಭೂಶಿರವನ್ನು ನಿರ್ಮಿಸಿತು. ಅದೇ ಕಲವುಪಾಪ. ಅದರ ಕುಂಡದಲ್ಲಿ ಇಂದು ಒಂದು ಕೊಳವಿದೆ. ಮೇಲಿನಿಂದ ನೋಡಿದರೆ ನಮ್ಮೂರ ಕಲ್ಯಾಣಿಯಷ್ಟು ಕಿರಿದು; ಆಳ ಮಾತ್ರ ಎಂಟುನೂರು ಅಡಿಗೂ ಹೆಚ್ಚು.

ಮೂರು ಕಡೆ ಅಬ್ಬರಿಸುವ ಕಡಲು, ನಾಲ್ಕನೆಯ ಕಡೆ ಏರಲಾಗದ ಗೋಡೆ. ಬೀಗವಿಲ್ಲದ ಸೆರೆಮನೆಯೊಂದನ್ನು ಹುಡುಕುತ್ತಿದ್ದವರಿಗೆ ಇದಕ್ಕಿಂತ ತಕ್ಕ ಜಾಗ ಸಿಗುವಂತಿರಲಿಲ್ಲ.

ಹೊರಗಿನ ಹಡಗುಗಳು ಬರುವ ಮೊದಲು ಹವಾಯಿಯಲ್ಲಿ ಹಾವು ಇರಲಿಲ್ಲ, ಸೊಳ್ಳೆಯೂ ಇರಲಿಲ್ಲ. ಸಿಡುಬು, ದಡಾರ, ಕುಷ್ಠ ಇವೂ ಇರಲಿಲ್ಲ. ಸೊಳ್ಳೆಯೂ ಈ ರೋಗಗಳೂ ಹಡಗುಗಳೊಡನೆ ಬಂದವು. ಸಾವಿರಾರು ವರ್ಷಗಳಿಂದ ಈ ರೋಗಗಳೊಡನೆ ಬಾಳಿದ ನಮ್ಮಂಥ ಜನರಿಗೆ ಇದ್ದ ಅಷ್ಟಿಷ್ಟು ತಡೆಯುವ ಶಕ್ತಿಯೂ ಆ ಜನರ ಮೈಯಲ್ಲಿರಲಿಲ್ಲ. ಹಳ್ಳಿ ಹಳ್ಳಿಗಳೇ ಬರಿದಾದವು. ಕುಷ್ಠವು ಹರಡುತ್ತಿರುವುದನ್ನು ಕಂಡು ಅರಸನಾದ ಐದನೆಯ ಕಮೆಹಮೆಹ 1865ರ ಜನವರಿ 3ರಂದು ಒಂದು ಶಾಸನಕ್ಕೆ ಸಹಿ ಹಾಕಿದನು. ರೋಗವಿದೆಯೆಂದು ವೈದ್ಯರು ಹೇಳಿದವರನ್ನು ಹಿಡಿದು ಬೇರ್ಪಡಿಸುವ ಅಧಿಕಾರ ಸರ್ಕಾರಕ್ಕೆ ದೊರೆಯಿತು. 1866ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಹನ್ನೆರಡು ಮಂದಿ ರೋಗಿಗಳ ಮೊದಲ ತಂಡವನ್ನು ಮೊಲೊಕಾಯ್‌ನ ಆ ತೀರದಲ್ಲಿ ಇಳಿಸಲಾಯಿತು. ಗಂಡನನ್ನು ಹೆಂಡತಿಯಿಂದ, ತಾಯಿಯನ್ನು ಮಗುವಿನಿಂದ ಅಗಲಿಸುವ ಈ ರೋಗಕ್ಕೆ ಜನರು ಅಗಲಿಕೆಯ ರೋಗ ಎಂದೇ ಹೆಸರಿಟ್ಟರು.

ಆ ಶಾಸನಕ್ಕೆ ಸಹಿ ಬಿದ್ದ ದಿನವೇ ಪಕ್ಕದ ಹವಾಯಿ ದ್ವೀಪದ ಕಾಡುಹಾದಿಯಲ್ಲಿ ಸುತ್ತುತ್ತಿದ್ದ ಒಬ್ಬ ಕಿರಿಯ ಗುರುವಿಗೆ ಇಪ್ಪತ್ತೈದು ವರ್ಷ ತುಂಬಿತು. ಅವರೇ ದಮಿಯಾನರು.

ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ 1840ರ ಜನವರಿ 3ರಂದು ಅವರು ಹುಟ್ಟಿದರು. ಜ್ಞಾನಸ್ನಾನದ ಹೆಸರು ಯೋಸೆಫ್ ದೆ ವೂಸ್ಟರ್. ತಂದೆ ಬೇಸಾಯದ ಜೊತೆಗೆ ಧಾನ್ಯದ ವ್ಯಾಪಾರವನ್ನೂ ನಡೆಸುತ್ತಿದ್ದರು. ಗಟ್ಟಿಮುಟ್ಟಾದ ಈ ಮಗನೇ ಮನೆತನದ ವ್ಯವಹಾರವನ್ನು ವಹಿಸಿಕೊಳ್ಳುವನೆಂದು ಅವರ ಆಸೆ. ಆದರೆ ಇಬ್ಬರು ಅಕ್ಕಂದಿರು ಕನ್ಯಾಮಠವನ್ನು ಸೇರಿದರು. ಅಣ್ಣನು ಯೇಸು ಮರಿಯರ ಪವಿತ್ರ ಹೃದಯಗಳ ಸಭೆಯನ್ನು ಸೇರಿ ಪಾಂಫಿಲ್ ಎಂಬ ಹೆಸರನ್ನು ತಾಳಿದನು. ಯೋಸೆಫನೂ 1859ರಲ್ಲಿ ಲುವೆನ್ ನಗರದ ಅದೇ ಮಠದ ಬಾಗಿಲು ತಟ್ಟಿದನು. ಲತೀನ್ ಭಾಷೆಯ ಗಂಧವಿಲ್ಲದ ಈ ಹಳ್ಳಿಯ ಹುಡುಗನು ಗುರುವಾಗಲು ಯೋಗ್ಯನಲ್ಲವೆಂದು ಹಿರಿಯರು ಅವನನ್ನು ಸಹೋದರನ ಅಂತಸ್ತಿಗೆ ಮಾತ್ರ ಸೇರಿಸಿಕೊಂಡರು. ಅಣ್ಣನು ಬಿಡುವಿನ ವೇಳೆಯಲ್ಲಿ ಲತೀನ್ ಕಲಿಸಿದನು. ತಮ್ಮನು ಅದನ್ನು ಬೇಗನೆ ಕಲಿತನು. ಹಿರಿಯರು ಮನಸ್ಸು ಬದಲಿಸಿದರು. ವೈದ್ಯವೃತ್ತಿಯ ಪಾಲಕರಾದ ಸಂತ ಕೋಸ್ಮ ಮತ್ತು ಸಂತ ದಮಿಯಾನರಲ್ಲಿ ಎರಡನೆಯವರ ಹೆಸರನ್ನು ಅವನು ತಾಳಿದನು. 1860ರ ಅಕ್ಟೋಬರಿನಲ್ಲಿ ವ್ರತಸ್ವೀಕಾರದ ದಿನ, ಸಭೆಯ ಪದ್ಧತಿಯಂತೆ, ನೆಲದ ಮೇಲೆ ಬೋರಲಾಗಿ ಮಲಗಿದ ಅವನ ಮೇಲೆ ಶವಕ್ಕೆ ಹೊದಿಸುವ ಕಪ್ಪು ವಸ್ತ್ರವನ್ನು ಹೊದಿಸಿದರು. ಲೋಕಕ್ಕೆ ಸತ್ತವನು ಎಂಬುದು ಅದರ ಅರ್ಥ. ಆ ಬಟ್ಟೆಯನ್ನು ದಮಿಯಾನರು ಬದುಕಿನುದ್ದಕ್ಕೂ ಮರೆಯಲಿಲ್ಲ.

ನಮ್ಮ ಗೋವೆಯಲ್ಲಿ ವಿಶ್ರಮಿಸಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಚಿತ್ರದ ಮುಂದೆ ನಿಂತು ತನ್ನನ್ನೂ ದೂರದ ನಾಡಿಗೆ ಕಳುಹಿಸುವಂತೆ ಬೇಡಿಕೊಳ್ಳುವುದು ಆ ಯುವಕನ ದಿನನಿತ್ಯದ ರೂಢಿಯಾಗಿತ್ತು. ಪ್ರಾರ್ಥನೆ ಅನಿರೀಕ್ಷಿತವಾದ ರೀತಿಯಲ್ಲಿ ಈಡೇರಿತು. 1863ರಲ್ಲಿ ಹವಾಯಿಗೆ ಹೊರಡಬೇಕಾಗಿದ್ದ ಪಾಂಫಿಲ್ ಸ್ವಾಮಿಗಳು ಜ್ವರಪೀಡಿತರ ಸೇವೆ ಮಾಡುತ್ತಾ ತಾವೇ ಜ್ವರ ಹಿಡಿದು ಮಲಗಿದರು. ಅಣ್ಣನ ಬದಲಿಗೆ ತಾನು ಹೋಗಲು ಅಪ್ಪಣೆ ಬೇಕೆಂದು, ಮಠದ ಮೇಲಧಿಕಾರಿಯನ್ನು ದಾಟಿ ನೇರವಾಗಿ ಪ್ಯಾರಿಸ್ಸಿಗೇ ಪತ್ರ ಬರೆದ ದಮಿಯಾನರಿಗೆ ಅಪ್ಪಣೆ ದೊರೆಯಿತು. ಇನ್ನೂ ಗುರುದೀಕ್ಷೆಯಾಗಿರಲಿಲ್ಲ. ದಕ್ಷಿಣ ಅಮೆರಿಕದ ತುದಿಯನ್ನು ಸುತ್ತಿಬರುವ ಸುಮಾರು ಐದು ತಿಂಗಳ ಕಡಲ ಪಯಣದ ಬಳಿಕ, 1864ರ ಮಾರ್ಚ್ 19ರಂದು, ತಮ್ಮ ಹೆಸರಿನ ಪಾಲಕರಾದ ಸಂತ ಯೋಸೆಫರ ಹಬ್ಬದಂದೇ, ಹೊನೊಲುಲು ಬಂದರಿನಲ್ಲಿ ಇಳಿದರು. ಮೇ 21ರಂದು ಅಲ್ಲಿಯ ಪ್ರಧಾನ ದೇವಾಲಯದಲ್ಲಿ ಗುರುದೀಕ್ಷೆ ಪಡೆದರು.

ಮೊದಲ ಸೇವೆ ಹವಾಯಿ ಎಂಬ ದೊಡ್ಡ ದ್ವೀಪದ ಪೂನ ಪ್ರಾಂತದಲ್ಲಿ, ಅಂದರೆ ಕಿಲವೇಯ ಜ್ವಾಲಾಮುಖಿಯ ಮಗ್ಗುಲಲ್ಲೇ. ಮರುವರ್ಷ ಕೊಹಾಲ ಪ್ರಾಂತದ ಗುರುಗಳಿಗೆ ಆರೋಗ್ಯ ಕೆಟ್ಟಾಗ, ತಮ್ಮ ಸಣ್ಣ ಪ್ರಾಂತವನ್ನು ಅವರಿಗೆ ಬಿಟ್ಟುಕೊಟ್ಟು ಅವರ ದೊಡ್ಡ ಪ್ರಾಂತವನ್ನು ದಮಿಯಾನರು ವಹಿಸಿಕೊಂಡರು. ಅದನ್ನು ಒಮ್ಮೆ ಸುತ್ತಿಬರಲು ಆರು ವಾರ ಬೇಕಾಗುತ್ತಿತ್ತು. ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ, ದೋಣಿಯಲ್ಲಿ ಸುತ್ತುತ್ತಾ ಎಂಟು ವರ್ಷ ಅಲ್ಲಿ ದುಡಿದರು. ತಾವೇ ಮರ ಹೊತ್ತು, ಗರಗಸ ಹಿಡಿದು ದೇವಾಲಯಗಳನ್ನು ಕಟ್ಟಿದರು. ಆ ದ್ವೀಪದ ಮೌನಕೆಯ ಎಂಬ ಬೆಟ್ಟದ ತುದಿಯಲ್ಲಿ, ಉಷ್ಣವಲಯವಾದರೂ, ಚಳಿಗಾಲದಲ್ಲಿ ಹಿಮ ಬೀಳುತ್ತದೆ; ಕಡಲ ತಳದಲ್ಲಿರುವ ಬುಡದಿಂದ ಅಳೆದರೆ ಅದು ಎವರೆಸ್ಟ್ ಶಿಖರಕ್ಕಿಂತಲೂ ಎತ್ತರ. 1868ರ ಏಪ್ರಿಲ್ 2ರಂದು ಆ ದ್ವೀಪವನ್ನೇ ನಡುಗಿಸಿದ ಭೂಕಂಪವು ಎಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಮಣ್ಣಿನ ಕುಸಿತಕ್ಕೂ ಕಡಲ ಉಬ್ಬರಕ್ಕೂ ಬಲಿ ತೆಗೆದುಕೊಂಡಿತು. ಭೂಮಿ ನಡುಗುವ ನಾಡಿನಲ್ಲಿ ಬಾಳುವುದನ್ನು ದಮಿಯಾನರು ಹೀಗೆ ಕಲಿತರು. ಆದರೆ ಅವರ ಮನಸ್ಸನ್ನು ನಡುಗಿಸಿದ್ದು ಭೂಕಂಪವಲ್ಲ. ತಾವು ಜ್ಞಾನಸ್ನಾನ ಕೊಟ್ಟವರನ್ನು, ತಮ್ಮ ಕೈಯಿಂದ ಪರಮಪ್ರಸಾದ ಪಡೆದವರನ್ನು, ಒಬ್ಬೊಬ್ಬರನ್ನಾಗಿ ಹಿಡಿದು ಮೊಲೊಕಾಯ್‌ಗೆ ಸಾಗಿಸುವುದನ್ನು ಅವರು ಕಂಡರು. ಹೋದವರು ಮರಳಲಿಲ್ಲ.

1873ರ ಮೇ ತಿಂಗಳಲ್ಲಿ ಮಾವಿ ದ್ವೀಪದ ಹೊಸ ದೇವಾಲಯವೊಂದರ ಪ್ರತಿಷ್ಠೆಗೆ ಗುರುಗಳೆಲ್ಲ ಕೂಡಿದ್ದಾಗ, ಧರ್ಮಾಧ್ಯಕ್ಷರಾದ ಮೈಗ್ರೆ ಸ್ವಾಮಿಗಳು ತಮ್ಮ ಮನಸ್ಸಿನ ನೋವನ್ನು ತೋಡಿಕೊಂಡರು. ಮೊಲೊಕಾಯ್‌ನ ರೋಗಿಗಳು ಒಬ್ಬ ಗುರುವಿಗಾಗಿ ಮೊರೆಯಿಡುತ್ತಿದ್ದಾರೆ; ಆದರೆ ಯಾರನ್ನೂ ಆಜ್ಞೆಯಿಂದ ಅಲ್ಲಿಗೆ ಕಳುಹಿಸಲು ತಮಗೆ ಮನಸ್ಸಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ನಾಲ್ವರು ಕಿರಿಯ ಗುರುಗಳು ಸರದಿಯ ಮೇಲೆ ಹೋಗಲು ಮುಂದೆ ಬಂದರು. ಮೊದಲ ಸರದಿ ದಮಿಯಾನರದು. ಎರಡನೆಯ ಸರದಿ ಬರಲೇ ಇಲ್ಲ.

ಮೇ 10ರಂದು ಧರ್ಮಾಧ್ಯಕ್ಷರೊಡನೆ ಅವರು ಕಲವುಪಾಪದಲ್ಲಿ ಇಳಿದರು. ಜ್ವಾಲಾಮುಖಿಯ ಹೆಸರನ್ನೇ ಹೊತ್ತ ಕಿಲವೇಯ ಎಂಬ ಉಗಿಹಡಗು, ಹೊಸ ರೋಗಿಗಳ ಜೊತೆಯಲ್ಲಿ ಅವರನ್ನು ತಂದಿಳಿಸಿತು. ಕೈಯಲ್ಲಿ ಜಪದ ಪುಸ್ತಕದ ಹೊರತು ಹೆಚ್ಚೇನೂ ಇರಲಿಲ್ಲ. ರೋಗಿಗಳ ವಸತಿ ಆಗ ಭೂಶಿರದ ಪೂರ್ವಕ್ಕಿರುವ ಕಲವಾವೊ ಎಂಬಲ್ಲಿತ್ತು. ಉಷ್ಣವಲಯವೆಂಬುದು ಅಲ್ಲಿ ಹೆಸರಿಗೆ ಮಾತ್ರ. ಬೆನ್ನಿಗಿರುವ ಕಲ್ಲುಗೋಡೆಯು ಮಧ್ಯಾಹ್ನ ಕಳೆಯುವುದರೊಳಗೇ ಬಿಸಿಲನ್ನು ಮರೆಮಾಡುತ್ತದೆ. ಕಡಲ ಗಾಳಿ ಎಡೆಬಿಡದೆ ಬೀಸುತ್ತದೆ. ಮೋಡವೂ ಮಳೆಯೂ ಸದಾ ಕಾಡುತ್ತವೆ. ಬೆಂಕಿ ಹುಟ್ಟಿಸಿದ ಆ ನೆಲದಲ್ಲಿ ರೋಗಿಗಳು ಚಳಿಗೆ ನಡುಗುತ್ತಿದ್ದರು. ಹಿಂದಿನ ವರ್ಷವಷ್ಟೇ ಸಹೋದರರೊಬ್ಬರು ಕಟ್ಟಿದ್ದ ಸಂತ ಫಿಲೊಮಿನಾರ ಪುಟ್ಟ ದೇವಾಲಯವಿತ್ತು, ಗುರುಮನೆ ಇರಲಿಲ್ಲ. ದೇವಾಲಯದ ಪಕ್ಕದ ಕೇದಗೆಯ ಜಾತಿಯ ಮರವೊಂದರ ಕೆಳಗೆ ದಮಿಯಾನರು ಮೊದಲ ರಾತ್ರಿಗಳನ್ನು ಕಳೆದರು.

ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದಮಿಯಾನರು ಬರುವವರೆಗೆ ಅಲ್ಲಿ ಬರಿಯ ಅಂಧಕಾರವಿತ್ತೆಂದು ಹಳೆಯ ಪುಸ್ತಕಗಳು ಬಣ್ಣಿಸುವುದುಂಟು. ಅದು ಪೂರ್ಣ ಸತ್ಯವಲ್ಲ. ಸಂಕಟ ಘೋರವಾಗಿತ್ತು ನಿಜ. ಕುಡಿತವೂ ಕಲಹವೂ ಇದ್ದುದು ನಿಜ. ಆದರೆ ರೋಗಿಗಳಾದ ಪ್ರೊಟೆಸ್ಟೆಂಟ್ ಸಹೋದರರು 1866ರಲ್ಲೇ ಸಿಲೋವಾಮ ಎಂಬ ಸಭೆಯನ್ನು ಅಲ್ಲಿ ಕಟ್ಟಿಕೊಂಡಿದ್ದರು. ರೋಗವಿಲ್ಲದ ಎಷ್ಟೋ ಮಂದಿ ಗಂಡನನ್ನೋ ಹೆಂಡತಿಯನ್ನೋ ಮಗುವನ್ನೋ ಬಿಟ್ಟಿರಲಾರದೆ ತಾವಾಗಿಯೇ ಆ ಸೆರೆಗೆ ಬಂದು ಸೇವೆ ಮಾಡುತ್ತಿದ್ದರು. ಅವರನ್ನು ಕೊಕುವ ಎಂದು ಕರೆಯುತ್ತಿದ್ದರು. ಮೊರ್ಮೊನ್ ಪಂಥದ ಮುಖಂಡನಾದ ಯೋನಾಥನ್ ನಪೇಲ ಎಂಬ ಹವಾಯಿಯ ಗಣ್ಯನು ರೋಗಿಯಾದ ಹೆಂಡತಿಯ ಜೊತೆ ದಮಿಯಾನರು ಬಂದ ವರ್ಷವೇ ಅಲ್ಲಿಗೆ ಬಂದನು; ಇಬ್ಬರೂ ಗೆಳೆಯರಾದರು. ಕೊನೆಗೆ ನಪೇಲನಿಗೂ ರೋಗ ತಗಲಿ 1879ರಲ್ಲಿ ಅವನು ತೀರಿಕೊಂಡನು. ರೋಗಿಗಳು ತಮ್ಮ ಭಾಷೆಯಲ್ಲಿ ಬರೆದ ಪತ್ರಗಳೂ ಮನವಿಗಳೂ ಇಂದಿಗೂ ಉಳಿದಿವೆ. ದಮಿಯಾನರ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಪ್ರೀತಿಸಬಲ್ಲ ಜನರ ನಡುವೆ ಅವರು ಹೋದರು. ಆ ಜನರು ಅವರನ್ನು ಕಮಿಯಾನೊ ಎಂದು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ತಮ್ಮವರನ್ನಾಗಿ ಮಾಡಿಕೊಂಡರು.

ಮೊದಲ ದಿನಗಳಲ್ಲಿ ಅವರಿಗೂ ಹೇಸಿಗೆಯಾಯಿತು. ಹುಣ್ಣುಗಳ ದುರ್ಗಂಧದಿಂದ ಪಾಪನಿವೇದನೆ ಕೇಳುವಾಗ ಉಸಿರು ಕಟ್ಟುತ್ತಿತ್ತು. ಕೆಲವೊಮ್ಮೆ ಗುಡಿಸಲಿನಿಂದ ಹೊರಗೋಡಿ ಗಾಳಿ ಸೇವಿಸಿ ಮತ್ತೆ ಒಳಹೊಗಬೇಕಾಯಿತು. ಆ ವಾಸನೆಯನ್ನು ತಡೆಯಲೆಂದೇ ಹೊಗೆಬತ್ತಿಯ ಕೊಳವೆಯನ್ನು ಸೇದಲು ಕಲಿತರು. ಇದನ್ನು ಅವರೇ ಮರೆಮಾಚದೆ ಬರೆದಿದ್ದಾರೆ. ಸಂತರೆಂದರೆ ಹೇಸಿಗೆಯೇ ಆಗದವರೆಂದು ನಾವು ತಿಳಿದಿದ್ದರೆ ಅದು ತಪ್ಪು. ಆದ ಹೇಸಿಗೆಯನ್ನು ದಾಟಿ ಮತ್ತೆ ಒಳಹೊಕ್ಕವರು ಸಂತರು.

ಕ್ರಮೇಣ ಅವರು ರೋಗಿಗಳೊಡನೆ ಒಂದೇ ಬಟ್ಟಲಿನಿಂದ ಉಂಡರು, ಹುಣ್ಣುಗಳನ್ನು ತೊಳೆದು ಕಟ್ಟಿದರು, ಸಾಯುವವರ ಬಳಿ ಕುಳಿತರು. ಕುಡಿಯುವ ನೀರನ್ನು ಕುಂಟುಗಾಲಿನವರೂ ದೂರದಿಂದ ಹೊತ್ತು ತರಬೇಕಾಗಿತ್ತು. ಸರ್ಕಾರದಿಂದ ಕೊಳವೆಗಳನ್ನು ಪಡೆದು, ಬಲವುಳ್ಳ ರೋಗಿಗಳನ್ನು ಕೂಡಿಕೊಂಡು, ಕಣಿವೆಯ ತೊರೆಯಿಂದ ಊರಿಗೆ ನೀರು ತಂದರು. ಬಿರುಗಾಳಿಯೊಂದು ಹುಲ್ಲಿನ ಗುಡಿಸಲುಗಳನ್ನು ನೆಲಕ್ಕುರುಳಿಸಿದಾಗ ಮರದ ಮನೆಗಳನ್ನು ಎಬ್ಬಿಸಿದರು. ದೇವಾಲಯವನ್ನು ದೊಡ್ಡದು ಮಾಡಿದರು. ಅನಾಥ ಮಕ್ಕಳಿಗೆ ವಸತಿ ಕಟ್ಟಿದರು. ಗಾಯನವೃಂದವನ್ನೂ ವಾದ್ಯವೃಂದವನ್ನೂ ಕೂಡಿಸಿದರು. ಬೆರಳು ಉದುರಿದವರೂ ಅದರಲ್ಲಿ ನುಡಿಸಿದರು. ಪರಮಪ್ರಸಾದದ ಆರಾಧನೆಯನ್ನು ಸರದಿಯ ಮೇಲೆ ನಡೆಸುವ ಸಂಘವನ್ನು ರೋಗಿಗಳಲ್ಲೇ ಏರ್ಪಡಿಸಿದರು. ಸತ್ತವರಿಗೆ ತಾವೇ ಪೆಟ್ಟಿಗೆ ಮಾಡಿ, ಗುಂಡಿ ತೋಡಿ, ಮೆರವಣಿಗೆಯಲ್ಲಿ ಕೊಂಡೊಯ್ದು, ಹೆಸರು ಹಿಡಿದು ಪ್ರಾರ್ಥಿಸಿ ಹೂಳಿದರು. ಬದುಕಿದ್ದಾಗ ಸಮಾಜದಿಂದ ಹೊರದೂಡಲ್ಪಟ್ಟವನಿಗೆ ಸಾವಿನಲ್ಲಾದರೂ ಮನುಷ್ಯನ ಮರ್ಯಾದೆ ಸಲ್ಲಬೇಕೆಂಬುದು ಅವರ ಹಟವಾಗಿತ್ತು. ಬಿಡುವಾದಾಗ ಕಲ್ಲುಗೋಡೆಯ ಕಡಿದಾದ ಹಾದಿಯನ್ನೇರಿ ಮೇಲಿನ ದ್ವೀಪದ ಆರೋಗ್ಯವಂತರಿಗೂ ಸೇವೆ ಸಲ್ಲಿಸಿದರು. ಅಲ್ಲಿ 1874ರಲ್ಲಿ ಕಲುವಾಹ ಎಂಬಲ್ಲಿಯೂ 1876ರಲ್ಲಿ ಕಮಲೊ ಎಂಬಲ್ಲಿಯೂ ಅವರು ಕಟ್ಟಿದ ದೇವಾಲಯಗಳಿವೆ.

ಎಲ್ಲಕ್ಕಿಂತ ದೊಡ್ಡ ಸಂಕಟ ಏಕಾಂತ. ರೋಗವಿಲ್ಲದಿದ್ದರೂ ರೋಗಿಗಳ ಕಟ್ಟಳೆಯನ್ನು ಅವರ ಮೇಲೂ ಹೇರಿದ್ದ ಮೊದಲ ತಿಂಗಳುಗಳಲ್ಲಿ, ಮೇಲಧಿಕಾರಿಯಾದ ಗುರುಗಳೊಬ್ಬರು ಹಡಗಿನಲ್ಲಿ ಬಂದರೂ ಇಳಿಯಲು ಅಪ್ಪಣೆ ದೊರೆಯಲಿಲ್ಲ. ದಮಿಯಾನರು ದೋಣಿಯಲ್ಲಿ ಹಡಗಿನ ಬದಿಗೆ ಹೋದರು, ಏರಲು ಬಿಡಲಿಲ್ಲ. ಆಗ ಅವರು ದೋಣಿಯಲ್ಲೇ ನಿಂತು, ಮೇಲೆ ನಿಂತವರಿಗೆ ಕೇಳುವಂತೆ, ಫ್ರೆಂಚ್ ಭಾಷೆಯಲ್ಲಿ ಗಟ್ಟಿಯಾಗಿ ತಮ್ಮ ಪಾಪಗಳನ್ನು ನಿವೇದಿಸಿ ಕ್ಷಮಾಪಣೆ ಪಡೆದರು. ಗುಟ್ಟಾಗಿ, ಜಾಲರಿಯ ಮರೆಯಲ್ಲಿ, ಪಾಪನಿವೇದನೆಗೆ ಹೋಗಲೂ ಹಿಂಜರಿಯುವ ನಾವು ಈ ದೃಶ್ಯವನ್ನು ಒಮ್ಮೆ ಮನಸ್ಸಿನಲ್ಲಿ ತಂದುಕೊಳ್ಳುವುದು ಒಳ್ಳೆಯದು.

ದಮಿಯಾನರು ಸುಲಭದ ಮನುಷ್ಯರಾಗಿರಲಿಲ್ಲವೆಂಬುದನ್ನೂ ಮರೆಮಾಡಬೇಕಿಲ್ಲ. ಮುಂಗೋಪಿ, ಹಟಮಾರಿ; ಸರ್ಕಾರದ ಕಚೇರಿಗೆ ಮರ ಬೇಕು, ಬಟ್ಟೆ ಬೇಕು, ಔಷಧಿ ಬೇಕು ಎಂದು ಬಿಡದೆ ಕಾಡಿದವರು. ಜೊತೆಗೆ ಬಂದ ಗುರುಗಳಲ್ಲಿ ಕೆಲವರಿಗೆ ಅವರೊಡನೆ ಹೊಂದಲಾಗಲಿಲ್ಲ. ಅವರ ಹೆಸರು ಪತ್ರಿಕೆಗಳಲ್ಲಿ ಹರಡಿ, ಲಂಡನ್ನಿನ ಆಂಗ್ಲಿಕನ್ ಪಾದ್ರಿ ಚಾಪ್‌ಮನ್ನರು 1886ರಲ್ಲಿ ಸುಮಾರು ಸಾವಿರ ಪೌಂಡು ಕೂಡಿಸಿ ಕಳುಹಿಸಿದಾಗ, ಸ್ವಂತ ಸಭೆಯ ಮೇಲಧಿಕಾರಿಗಳಿಗೇ ಅವರ ಕೀರ್ತಿ ಇರಿಸುಮುರಿಸಾಯಿತು. ಹೊಗಳಿಕೆಯನ್ನು ಬಯಸದವನಿಗೆ ಅದರ ದಂಡವನ್ನು ತೆರಬೇಕಾಯಿತು.

1884ರ ಡಿಸೆಂಬರಿನ ಒಂದು ಸಂಜೆ ದಣಿದ ಕಾಲುಗಳನ್ನು ಬಿಸಿನೀರಿನಲ್ಲಿಟ್ಟರು. ನೀರು ಕುದಿಯುವಷ್ಟಿತ್ತು, ಚರ್ಮದಲ್ಲಿ ಬೊಬ್ಬೆಗಳೆದ್ದವು, ನೋವು ಮಾತ್ರ ಆಗಲಿಲ್ಲ. ಆಗಲೇ ಅವರಿಗೆ ತಿಳಿಯಿತು. ಮರುವರ್ಷ ವೈದ್ಯರಾದ ಆರ್ನಿಂಗರು ಪರೀಕ್ಷಿಸಿ ಕುಷ್ಠವೆಂದು ಖಚಿತಪಡಿಸಿದರು. ಆದರೆ ಅವರ ಪ್ರಸಂಗಗಳ ಮಾತು ಬದಲಾಗಲಿಲ್ಲ. ಏಕೆಂದರೆ ಬಂದ ವರ್ಷದಿಂದಲೇ, ಮೈಯಲ್ಲಿ ಒಂದು ಮಚ್ಚೆಯೂ ಇಲ್ಲದಿದ್ದಾಗಲೇ, ರೋಗಿಗಳನ್ನು ಕುರಿತು ಮಾತನಾಡುವಾಗ ನೀವು ಎನ್ನದೆ ನಾವು ಎನ್ನುವುದು ಅವರ ರೂಢಿಯಾಗಿತ್ತು. ಮೊದಲು ಬಾಯಿಂದ ಆಡಿದ ಮಾತನ್ನು ಹನ್ನೆರಡು ವರ್ಷಗಳ ಮೇಲೆ ಮೈಯೂ ಆಡಿತು, ಅಷ್ಟೆ.

ಕೊನೆಯ ವರ್ಷಗಳಲ್ಲಿ ಸಹಾಯಕರು ಬಂದರು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದು ಬಳಿಕ ಕಥೋಲಿಕನಾದ ಯೋಸೆಫ್ ಡಟ್ಟನ್ 1886ರ ಜುಲೈನಲ್ಲಿ ಬಂದು ನಲವತ್ತನಾಲ್ಕು ವರ್ಷಗಳಷ್ಟು ಕಾಲ ಅಲ್ಲೇ ದುಡಿದನು. ಫ್ರಾನ್ಸಿಸ್ಕನ್ ಸಭೆಯ ಮಾತೆ ಮರಿಯಾನ್ನೆ ಕೋಪ್ 1888ರ ನವೆಂಬರಿನಲ್ಲಿ ಧರ್ಮಭಗಿನಿಯರೊಡನೆ ಕಲವುಪಾಪಕ್ಕೆ ಬಂದರು. ಅದೇ ಡಿಸೆಂಬರಿನಲ್ಲಿ ಎಡ್ವರ್ಡ್ ಕ್ಲಿಫರ್ಡ್ ಎಂಬ ಆಂಗ್ಲ ಚಿತ್ರಕಾರರು ನಮ್ಮ ನಾಡಿನ ಕಾಣಿಕೆಯೊಂದನ್ನು ಅಲ್ಲಿಗೆ ಕೊಂಡೊಯ್ದರು. ಅಂಡಮಾನಿನ ಕಾಡಿನ ಗುರ್ಜನ್ ಮರದ ಎಣ್ಣೆಯಿಂದ ಕುಷ್ಠರೋಗಿಗಳಿಗೆ ಉಪಶಮನವಾಗುವುದೆಂದು ಭಾರತದಲ್ಲಿ ಅರಿತಿದ್ದ ಅವರು ಆ ಎಣ್ಣೆಯನ್ನು ದಮಿಯಾನರಿಗೆ ಒಪ್ಪಿಸಿದರು. ಕೆಲದಿನ ಹಾಯೆನಿಸಿತು, ರೋಗ ನಿಲ್ಲಲಿಲ್ಲ. 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ದಮಿಯಾನರು ಪ್ರಭುವಿನಲ್ಲಿ ನಿದ್ರಿಸಿದರು. ಮೊದಲ ರಾತ್ರಿ ಆಸರೆ ಕೊಟ್ಟ ಮರದ ಕೆಳಗೇ ಅವರನ್ನು ಹೂಳಲಾಯಿತು.

ಮರಣದ ಬಳಿಕ ನಿಂದೆಯೂ ಬಂದಿತು. ಹೊನೊಲುಲುವಿನ ಪ್ರೊಟೆಸ್ಟೆಂಟ್ ಪಾದ್ರಿಯೊಬ್ಬರು ಅವರ ನಡತೆಯನ್ನೇ ಹಳಿದು ಬರೆದ ಪತ್ರವು ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕೆ ಉತ್ತರ ಕೊಟ್ಟವರು ಕಥೋಲಿಕರಲ್ಲ. ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟ್ ಮನೆತನದ ಪ್ರಸಿದ್ಧ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್‌ಸನ್ನರು ದಮಿಯಾನರು ತೀರಿದ ಮರುತಿಂಗಳೇ ಕಲವುಪಾಪಕ್ಕೆ ಹೋಗಿ, ಎಂಟು ದಿನವಿದ್ದು, ಕಂಡವರನ್ನು ವಿಚಾರಿಸಿ ಬಂದಿದ್ದರು. ದಮಿಯಾನರ ಕುಂದುಗಳನ್ನು ಮರೆಮಾಡದೆ, ಅವರ ಹಿರಿಮೆಯನ್ನು ಎತ್ತಿಹಿಡಿದು, 1890ರಲ್ಲಿ ಅವರು ಪ್ರಕಟಿಸಿದ ಬಹಿರಂಗ ಪತ್ರವು ಲೋಕದ ಮುಂದೆ ಆ ಸತ್ತ ಗುರುವಿನ ಮಾನವನ್ನು ಕಾಯಿತು.

ಇಂದಿನ ವೈದ್ಯಶಾಸ್ತ್ರವು ನಮಗೆ ಇನ್ನಷ್ಟು ಅಚ್ಚರಿಗಳನ್ನು ತಿಳಿಸಿದೆ. ದಮಿಯಾನರು ಮೊಲೊಕಾಯ್‌ಗೆ ಕಾಲಿಟ್ಟ 1873ರಲ್ಲೇ ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯರು ಈ ರೋಗದ ಕ್ರಿಮಿಯನ್ನು ಕಂಡುಹಿಡಿದರು. ಇದು ಶಾಪವಲ್ಲ, ವಂಶದ ದೋಷವಲ್ಲ, ಪಾಪದ ಫಲವಲ್ಲ. ನೂರರಲ್ಲಿ ತೊಂಬತ್ತೈದು ಮಂದಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಮಾತೆ ಮರಿಯಾನ್ನೆಯವರು ಕೈತೊಳೆಯುವ ನಿಯಮವನ್ನು ಕಟ್ಟುನಿಟ್ಟಾಗಿ ನಡೆಸಿದರು. ಅವರಿಗಾಗಲಿ ಅವರ ಭಗಿನಿಯರಿಗಾಗಲಿ ರೋಗ ತಗಲಲಿಲ್ಲ. 1918ರಲ್ಲಿ ಅವರು ವೃದ್ಧಾಪ್ಯದಿಂದಲೇ ತೀರಿಕೊಂಡರು. ಹಾಗಾದರೆ ದಮಿಯಾನರದು ಅಜಾಗರೂಕತೆಯೇ ಎಂದು ಯಾರಾದರೂ ಕೇಳಬಹುದು. ನಮ್ಮ ಉತ್ತರವಿದು: ಯಾರೂ ಮುಟ್ಟದ ಜನರಿಗೆ ಮೊದಲು ಬೇಕಾಗಿದ್ದುದು ಮುಟ್ಟುವ ಕೈ. ಆ ಕೈ ಬಂದ ಮೇಲೆ ಅದನ್ನು ತೊಳೆಯಲು ಕಲಿಸುವ ಕೈಯೂ ಬಂದಿತು. ಧರ್ಮಸಭೆಯು ಇಬ್ಬರನ್ನೂ ಸಂತರ ಸಾಲಿಗೆ ಸೇರಿಸಿದೆ: ದಮಿಯಾನರನ್ನು 2009ರ ಅಕ್ಟೋಬರ್ 11ರಂದು, ಮರಿಯಾನ್ನೆಯವರನ್ನು 2012ರ ಅಕ್ಟೋಬರ್ 21ರಂದು.

ಔಷಧಿಯ ಹಾದಿಯಲ್ಲಿಯೂ ನಮ್ಮ ದೇಶಕ್ಕೂ ಆ ದ್ವೀಪಕ್ಕೂ ನಂಟುಂಟು. ಭಾರತದಲ್ಲಿ ಹಿಂದಿನಿಂದ ಬಳಸುತ್ತಿದ್ದ ಚಾಲ್‌ಮೂಗ್ರ ಎಣ್ಣೆಯನ್ನು ಸೂಜಿಮದ್ದಾಗಿ ಕೊಡಬಹುದಾದ ರೂಪಕ್ಕೆ ತಂದವರು ಹವಾಯಿಯ ಕಾಲೇಜಿನಲ್ಲಿದ್ದ ಆಲಿಸ್ ಬಾಲ್ ಎಂಬ ಕಪ್ಪು ಜನಾಂಗದ ತರುಣಿ. 1916ರಲ್ಲಿ ಇಪ್ಪತ್ತನಾಲ್ಕರ ವಯಸ್ಸಿಗೇ ಆಕೆ ತೀರಿಹೋದರು. ನಮ್ಮ ಪಶ್ಚಿಮಘಟ್ಟದ ಗರುಡಫಲದ ಮರವು ಆ ಮರದ ಸೋದರಜಾತಿಯೇ. 1940ರ ದಶಕದಲ್ಲಿ ಸಲ್ಫೋನ್ ಮದ್ದುಗಳು ಬಂದ ಮೇಲೆ ರೋಗವು ಗುಣವಾಗತೊಡಗಿತು. 1982ರಿಂದೀಚೆಗೆ ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯಿಂದ ಪೂರ್ಣವಾಗಿ ಗುಣವಾಗುತ್ತದೆ. ಆದರೂ ಹವಾಯಿಯಲ್ಲಿ ಬೇರ್ಪಡಿಸುವ ಶಾಸನವು ರದ್ದಾದದ್ದು 1969ರಲ್ಲಿ. ಅಷ್ಟರಲ್ಲಿ ಸುಮಾರು ಎಂಟು ಸಾವಿರ ಮಂದಿಯನ್ನು ಅಲ್ಲಿಗೆ ಕಳುಹಿಸಲಾಗಿತ್ತು. ನಮ್ಮ ದೇಶವೂ ಬೀಗುವಂತಿಲ್ಲ: ಬ್ರಿಟಿಷರು 1898ರಲ್ಲಿ ಮಾಡಿದ ಕುಷ್ಠರೋಗಿಗಳ ಕಾಯಿದೆಯನ್ನು ನಾವು ಕಿತ್ತುಹಾಕಿದ್ದು 2016ರಲ್ಲಿ, ಕುಷ್ಠವನ್ನು ವಿವಾಹವಿಚ್ಛೇದನಕ್ಕೆ ಕಾರಣವಾಗಿ ಎಣಿಸುವುದನ್ನು ಬಿಟ್ಟದ್ದು 2019ರಲ್ಲಿ. ಮದ್ದು ಬಂದರೂ ಮನಸ್ಸಿನ ರೋಗ ಹೋಗಲು ಇಷ್ಟು ಕಾಲ ಬೇಕಾಯಿತು.

ನಮ್ಮ ಕರ್ನಾಟಕದಲ್ಲಿಯೂ ಅದೇ ದೀಪ ಉರಿದುದುಂಟು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರ ಔಷಧಾಲಯವನ್ನು ತೆರೆದ ಯೇಸುಸಭೆಯ ಆಗಸ್ಟಸ್ ಮುಲ್ಲರ್ ಸ್ವಾಮಿಗಳು, ದಮಿಯಾನರು ತೀರಿದ ಮರುವರ್ಷ, 1890ರಲ್ಲಿ, ಕುಷ್ಠರೋಗಿಗಳಿಗೆ ಆಶ್ರಯವನ್ನು ತೆರೆದರು. ಆ ಸಣ್ಣ ಆರಂಭದಿಂದ ಬೆಳೆದ ಸಂಸ್ಥೆಯನ್ನು ನಮ್ಮಲ್ಲಿ ಅರಿಯದವರಿಲ್ಲ.

1936ರಲ್ಲಿ ಬೆಲ್ಜಿಯಂ ಸರ್ಕಾರವು ದಮಿಯಾನರ ಶರೀರವನ್ನು ಕೇಳಿ ಪಡೆದು ಲುವೆನ್ ನಗರಕ್ಕೆ ಕೊಂಡೊಯ್ಯಿತು. ಕಲವುಪಾಪದ ರೋಗಿಗಳು ಅತ್ತರು; ತಮ್ಮವನೊಬ್ಬನನ್ನು ತಮ್ಮಿಂದ ಮತ್ತೊಮ್ಮೆ ಅಗಲಿಸಿದರೆಂದು ನೊಂದರು. 1995ರ ಜೂನ್ 4ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಬ್ರಸೆಲ್ಸಿನಲ್ಲಿ ದಮಿಯಾನರನ್ನು ಪುನೀತರೆಂದು ಸಾರಿದ ಬಳಿಕ, ಅವರ ಬಲಗೈಯ ಅವಶೇಷವನ್ನು ಹವಾಯಿಗೆ ಮರಳಿಸಲಾಯಿತು. ಕಲವಾವೊದ ಆ ಹಳೆಯ ಸಮಾಧಿಯಲ್ಲಿ ಅದನ್ನು ಇಡಲಾಗಿದೆ. ಗರಗಸ ಹಿಡಿದ ಕೈ, ಹುಣ್ಣು ತೊಳೆದ ಕೈ, ಪರಮಪ್ರಸಾದವನ್ನು ಎತ್ತಿದ ಕೈ ಅದು. ಅದು ತನ್ನ ಜನರ ಬಳಿಗೇ ಹೋಯಿತು.

ನಮ್ಮ ದೇವಾಲಯವನ್ನು ಕಟ್ಟಿದ ಹಿರಿಯರ ನೆನಪಿಗೆ ನೂರು ದೀಪಗಳನ್ನು ಹಚ್ಚುವ ಈ ವರ್ಷ, ನಮ್ಮ ಧರ್ಮಕೇಂದ್ರದ ಗಡಿಯೊಳಗೆ ಯಾರ ಮನೆಯ ಬಾಗಿಲನ್ನು ನಾವು ತಟ್ಟದೆ ಹಾದುಹೋಗುತ್ತೇವೆಂದು ಒಮ್ಮೆ ಎಣಿಸಿ ನೋಡೋಣ. ಕುಷ್ಠದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ನಮ್ಮ ದೇಶದವರೇ. ಮೈಯ ಮೇಲೆ ಸ್ಪರ್ಶವರಿಯದ ಮಚ್ಚೆ ಕಂಡರೆ ಬಚ್ಚಿಡದೆ ಸರ್ಕಾರಿ ಆಸ್ಪತ್ರೆಗೆ ಹೋದರೆ ಮದ್ದು ಉಚಿತವಾಗಿ ದೊರೆಯುತ್ತದೆಂಬುದನ್ನು ನೆರೆಹೊರೆಗೆ ತಿಳಿಸುವುದೂ ಒಂದು ಧರ್ಮಕಾರ್ಯವೇ. ಮೇ 10 ಸಂತ ದಮಿಯಾನರ ಹಬ್ಬ. ಅವರು ಸತ್ತ ದಿನವಲ್ಲ ಅದು, ಆ ದ್ವೀಪಕ್ಕೆ ಕಾಲಿಟ್ಟ ದಿನ. ಬರುವ ವರ್ಷ ಆ ದಿನ ಬಲಿಪೂಜೆ ಮುಗಿದ ಮೇಲೆ, ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಬಾಗಿಲನ್ನು ತಟ್ಟಿ ಬಂದರೆ, ಈ ಶತಮಾನೋತ್ಸವವು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.